ನಾಲ್ಕು ವರ್ಷದ ಕಾಪರ್-ಟಿ: ಐದಕ್ಕೆ ನಾಲ್ಕು ಅಂಕ

ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಈ ಕಾಪರ್-ಟಿಯನ್ನು ಮಗಳಿಗೆ ಎರಡು ತುಂಬಿದಾಗ ಹಾಕಿಸಿಕೊಂಡಿದ್ದು. ಈಗ ಅವಳಿಗೆ ಆರು. ಮೊದಲ ತಿಂಗಳೇ ಬರೆಯಲು ಕೂತಿದ್ದರೆ ಇದರಲ್ಲಿ ಬರೀ ಬೈಗುಳ ಇರುತ್ತಿತ್ತು.

ಇದಕ್ಕೂ ಮುಂಚೆ ಎಂಟು ತಿಂಗಳು ಗರ್ಭನಿರೋಧಕ ಮಾತ್ರೆ ನುಂಗಿದ್ದೆ. ಬರೆದುಕೊಟ್ಟ ಕಡೆ ಯಾರೂ ಬಿ.ಪಿ. ನೋಡಲಿಲ್ಲ. ತಲೆನೋವು ಬರುತ್ತಾ ಅಂತಲೂ ಕೇಳಲಿಲ್ಲ. ನನಗೋ ಕಾಲೇಜಿನ ದಿನಗಳಿಂದ ಮೈಗ್ರೇನ್. ಅದು ಶುರುವಾಗುವ ಮುಂಚೆ ನೋಟದ ಒಂದು ಅಂಚಿನಲ್ಲಿ ಅಂಕುಡೊಂಕು ಬೆಳಕಿನ ಗೆರೆ ಮಿನುಗುತ್ತದೆ. ಓದುತ್ತಿದ್ದ ಸಾಲು ಅರ್ಧ ಮಾಯ. ಇಪ್ಪತ್ತು ನಿಮಿಷ ಕಳೆದರೆ ತಲೆ ಸಿಡಿಯುತ್ತದೆ. ಈ ಗೆರೆಗೆ ಡಾಕ್ಟರುಗಳು ಔರಾ ಅನ್ನುತ್ತಾರಂತೆ. ಔರಾ ಇರುವವರು ಈಸ್ಟ್ರೊಜೆನ್ ಅನ್ನೋ ಹಾರ್ಮೋನ್ ಇರುವ ಮಾತ್ರೆ ತಗೊಂಡರೆ ಲಕ್ವ ಹೊಡೆಯುವ ಅಪಾಯ ಜಾಸ್ತಿ. ನಾನು ಎಂಟು ತಿಂಗಳು ಅದನ್ನೇ ನುಂಗುತ್ತಿದ್ದೆ!

ಇದು ಗೊತ್ತಾಗಿದ್ದು ಬೇರೆ ಡಾಕ್ಟರ ಹತ್ತಿರ ಹೋದಾಗ. ಅವರು ಮೊದಲು ಬಿ.ಪಿ. ನೋಡಿದರು. ಆಮೇಲೆ ಒಂದೇ ಸಮನೆ ಪ್ರಶ್ನೆ. ಸಿಗರೇಟು ಸೇದ್ತೀರಾ? ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ? ಮಗುಗೆ ಇನ್ನೂ ಹಾಲು ಕುಡಿಸ್ತಿದೀರಾ? ಮುಟ್ಟಿನಲ್ಲಿ ಎಷ್ಟು ದಿನ ಹೋಗುತ್ತೆ? ವಿಶ್ವ ಆರೋಗ್ಯ ಸಂಸ್ಥೆಯ ಒಂದು ಪಟ್ಟಿ ತೋರಿಸಿದರು. ಯಾವ ತೊಂದರೆ ಇರುವವರಿಗೆ ಯಾವ ವಿಧಾನ ಸರಿ ಅಂತ ಅದರಲ್ಲಿ 1ರಿಂದ 4ರವರೆಗೆ ನಂಬರ್ ಕೊಟ್ಟಿರುತ್ತಾರೆ. 1 ಅಂದರೆ ಧಾರಾಳವಾಗಿ ಬಳಸಿ, 4 ಅಂದರೆ ಮುಟ್ಟಲೇಬೇಡಿ. ನನ್ನ ಮೈಗ್ರೇನಿಗೆ ಆ ಮಾತ್ರೆ 4, ಕಾಪರ್-ಟಿ 1.

ಮಾತ್ರೆ ನುಂಗಲು ಮರೆಯುವ ಚಾಳಿಯೂ ನನಗಿತ್ತು. ಚಾಚೂ ತಪ್ಪದೆ ತಗೊಂಡರೆ ವರ್ಷಕ್ಕೆ 100 ಜನರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಕಷ್ಟ. ಆದರೆ ನನ್ನಂಥವರನ್ನೂ ಸೇರಿಸಿ ಲೆಕ್ಕ ಹಾಕಿದರೆ ಸುಮಾರು 7 ಜನರಿಗೆ ನಿಲ್ಲುತ್ತದೆ. ಕಾಪರ್-ಟಿಯಲ್ಲಿ ನಮ್ಮ ಮರೆವಿಗೆ ಕೆಲಸವೇ ಇಲ್ಲ, ಹಾಗಾಗಿ 100ಕ್ಕೆ ಒಂದಕ್ಕಿಂತ ಕಡಿಮೆ. ಗಂಡಸರ ಆಪರೇಷನ್ ಇದಕ್ಕಿಂತಲೂ ಗಟ್ಟಿ. ಆದರೆ ಎರಡನೇ ಮಗುವಿನ ಬಗ್ಗೆ ನಾವಿನ್ನೂ ತೀರ್ಮಾನ ಮಾಡಿರಲಿಲ್ಲ. ಅಲ್ಲದೆ ಆ ಮಾತು ಎತ್ತಿದ ಕೂಡಲೇ ನಮ್ಮ ಯಜಮಾನರಿಗೆ ಫೋನಿನಲ್ಲಿ ಅರ್ಜೆಂಟ್ ಕೆಲಸ ನೆನಪಾಯಿತು.

ಡಾಕ್ಟರು ಒಂದು ಸ್ಯಾಂಪಲ್ ಕೈಗೆ ಕೊಟ್ಟರು. ಇಷ್ಟೇನಾ ಅನ್ನಿಸಿತು. ಬಗ್ಗುವ ಬಿಳಿ ಪ್ಲಾಸ್ಟಿಕ್ಕಿನ ಟಿ, ಉದ್ದ ನಾಲ್ಕು ಸೆಂಟಿಮೀಟರಿಗೂ ಕಡಿಮೆ. ಕಾಂಡಕ್ಕೆ ತಾಮ್ರದ ತಂತಿ ಸುತ್ತಿದೆ, ಎರಡು ತೋಳಿಗೂ ಪುಟ್ಟ ತಾಮ್ರದ ಬಳೆ ತೊಡಿಸಿದಂತಿದೆ. ಬಾಲದಲ್ಲಿ ಎರಡು ದಾರ. ಇದರ ಪೂರ್ತಿ ಹೆಸರು ಕಾಪರ್-ಟಿ 380ಎ. ಆ 380 ಅಂದರೆ ತಾಮ್ರದ ಮೇಲ್ಮೈ, ಚದರ ಮಿಲಿಮೀಟರುಗಳಲ್ಲಿ. ಆ ತಾಮ್ರ ಬಿಡುವ ಅಂಶಕ್ಕೆ ವೀರ್ಯಾಣು ನಿಷ್ಕ್ರಿಯವಾಗುತ್ತದೆ. ಹಾರ್ಮೋನಿನ ಗೊಡವೆ ಇಲ್ಲ.

ಹಾಕುವುದು ಐದೇ ನಿಮಿಷದ ಕೆಲಸ. ನೋವಾಗಲ್ಲ ಅನ್ನುವವರನ್ನು ನಂಬಬೇಡಿ. ಗರ್ಭಕೋಶದ ಆಳ ಅಳೆಯಲು ಸಣ್ಣ ಕಡ್ಡಿ ಒಳಗೆ ಹೋದಾಗ ಕಿಬ್ಬೊಟ್ಟೆಯನ್ನು ಒಳಗಿನಿಂದ ಯಾರೋ ಹಿಂಡಿದಂತಾಯಿತು. ಟಿ ಕೂತಾಗ ಇನ್ನೊಮ್ಮೆ. ಎದ್ದು ನಿಂತರೆ ತಲೆ ಗಿರ್ ಅಂದಿತು, ಮತ್ತೆ ಮಲಗಿಸಿದರು. ನೋವಿಗೆ ಏನು ಕೊಡುತ್ತೀರಿ ಅಂತ ಮೊದಲೇ ಕೇಳಿ. ನಾನು ಕೇಳದೆ ಕೆಟ್ಟೆ.

ಮೊದಲ ಮೂರು ತಿಂಗಳು ಬೇಡಪ್ಪಾ ಬೇಡ ಅನ್ನಿಸಿತ್ತು. ನಾಲ್ಕು ದಿನದ ಮುಟ್ಟು ಎಂಟು ದಿನವಾಯಿತು. ಎರಡು ಗಂಟೆಗೊಂದು ಪ್ಯಾಡ್. ಆರನೇ ತಿಂಗಳ ಹೊತ್ತಿಗೆ ಐದು ದಿನಕ್ಕೆ ಇಳಿಯಿತು, ಈಗಲೂ ಅಷ್ಟೇ. ಮೊದಲೇ ಜಾಸ್ತಿ ಹೋಗುವವರು, ರಕ್ತ ಕಡಿಮೆ ಇರುವವರು ಹಾರ್ಮೋನ್ ಇರುವ ಟಿ ಬಗ್ಗೆ ಕೇಳಿ. ಅದರಲ್ಲಿ ಹೋಗುವುದು ಕಡಿಮೆಯಾಗುತ್ತದೆ. ದಾರ ಚುಚ್ಚುತ್ತಿದೆ ಅಂತ ಯಜಮಾನರ ದೂರು ಬೇರೆ. ಡಾಕ್ಟರು ಸ್ವಲ್ಪ ಕತ್ತರಿಸಿದ ಮೇಲೆ ಆ ತಕರಾರು ನಿಂತಿತು.

ಎರಡನೇ ವರ್ಷ ಒಂದು ಫಜೀತಿಯಾಯಿತು. ಮುಟ್ಟಾದ ಮೇಲೆ ಬೆರಳಿನಿಂದ ದಾರ ಇದೆಯಾ ಅಂತ ನೋಡಿಕೊಳ್ಳುವ ಅಭ್ಯಾಸ ನನಗೆ. ಒಂದು ತಿಂಗಳು ಸಿಗಲೇ ಇಲ್ಲ. ಕೆಲವರಿಗೆ ಟಿ ತಾನಾಗಿಯೇ ಹೊರಗೆ ಬಿದ್ದುಹೋಗುವುದುಂಟು, ಹಾಗಾಗಿ ಸ್ಕ್ಯಾನ್ ಆಗುವವರೆಗೆ ಕಾಂಡೋಮ್ ಬಳಸಿದೆವು. ನೋಡಿದರೆ ಟಿ ತನ್ನ ಜಾಗದಲ್ಲೇ ಇತ್ತು, ದಾರ ಮಾತ್ರ ಸುರುಳಿ ಸುತ್ತಿ ಮೇಲೆ ಹೋಗಿತ್ತು. ಅಂದಹಾಗೆ, ಎಚ್‌ಐವಿಯಂಥ ಸೋಂಕನ್ನು ಕಾಪರ್-ಟಿ ತಡೆಯಲ್ಲ. ಅದಕ್ಕೆ ಕಾಂಡೋಮೇ ಬೇಕು.

ಹತ್ತು ವರ್ಷ ಬರುತ್ತದೆ. ನಡುವೆ ಮಗು ಬೇಕು ಅನ್ನಿಸಿದರೆ ತೆಗೆಸಿದ ತಿಂಗಳೇ ಪ್ರಯತ್ನಿಸಬಹುದು. ಕಳೆದ ಒಂದು ಅಂಕ ಆ ಮೊದಲ ಮೂರು ತಿಂಗಳದ್ದು. ತೆಗೆಸುವ ತಾರೀಕು ಬರೆದ ಕಾರ್ಡನ್ನು ಮಗಳ ಲಸಿಕೆ ಕಾರ್ಡಿನ ಜೊತೆ ಇಟ್ಟಿದ್ದೇನೆ. ಅದೊಂದನ್ನು ಮಾತ್ರ ನಾನು ಯಾವತ್ತೂ ಕಳೆದುಕೊಂಡಿಲ್ಲ.