ಎಕ್ಸರ್ಸಿಸಮ್: ಜಾವಾಸ್ಕ್ರಿಪ್ಟ್ ಬಿಗಿನರ್ ಕೋರ್ಸ್ ಮುಗಿಸಿದವ್ರು ಬಳಸಲೇಬೇಕು

ಕೋರ್ಸ್ ಮುಗೀತು, ಸರ್ಟಿಫಿಕೇಟೂ ಬಂತು, ಆದ್ರೆ ವಿಡಿಯೋ ನೋಡ್ದೆ ಖಾಲಿ ಫೈಲಲ್ಲಿ ಒಂದು ಫಂಕ್ಷನ್ ಬರಿ ಅಂದ್ರೆ ಕೈ ಓಡಲ್ಲ. ಇಲ್ಲಿ ಕೋಲಾರದಲ್ಲಿ ನನ್ ಜೊತೆ ಕಲ್ತವ್ರೆಲ್ಲಾ ಇದನ್ನೇ ಹೇಳ್ತಾರೆ. ಅಂಥವ್ರು ಇನ್ನೊಂದು ಕೋರ್ಸ್‌ಗೆ ದುಡ್ಡು ಕಟ್ಬೇಡಿ, ಎಕ್ಸರ್ಸಿಸಮ್ ಅನ್ನೋ ಕೋಡಿಂಗ್ ಅಭ್ಯಾಸದ ವೆಬ್‌ಸೈಟ್ ಶುರು ಮಾಡಿ. ನಾನು ಬಳಸೋಕೆ ಶುರು ಮಾಡಿ ವರ್ಷದ ಮೇಲಾಯ್ತು, ಪೂರ್ತಿ ಫ್ರೀ, 2013ರಲ್ಲಿ ಕ್ಯಾಟ್ರಿನಾ ಓವನ್ ಅನ್ನೋವ್ರು ಶುರು ಮಾಡಿದ್ದು, ಡೊನೇಶನ್ ಮೇಲೆ ನಡೀತಿದೆ.

ಒಂದು ಸಣ್ಣ ಪ್ರಾಬ್ಲಮ್ ಕೊಡ್ತಾರೆ, ಜೊತೆಗೆ ನಮ್ ಕೋಡ್ ಸರಿ ಇದೆಯಾ ಅಂತ ಪರೀಕ್ಷೆ ಮಾಡೋ ಟೆಸ್ಟ್ ಫೈಲ್ ಇರತ್ತೆ, ಎಲ್ಲಾ ಟೆಸ್ಟ್ ಪಾಸ್ ಆಗೋವರ್ಗೂ ಕೋಡ್ ತಿದ್ತಾ ಇರ್ಬೇಕು. ಲೀಪ್ ಅಂತ ಒಂದಿದೆ, ಅಧಿಕ ವರ್ಷ ಹೌದೋ ಅಲ್ವೋ ಹೇಳೋದು. 4ರಿಂದ ಭಾಗ ಆದ್ರೆ ಸಾಕು ಅಂತ ಬರೆದ್ರೆ 1900 ಹತ್ರ ಫೇಲ್, 100ರಿಂದ ಭಾಗ ಆಗೋದೆಲ್ಲಾ ಬೇಡ ಅಂದ್ರೆ 2000 ಹತ್ರ ಫೇಲ್, 400ರ ನಿಯಮ ಸೇರ್ಸಿದ್ರೇನೇ ಪಾಸ್. ಎರರ್ ಬಂದ್ರೆ ಗಾಬರಿ ಬೀಳ್ದೆ ಅದೇನು ಹೇಳ್ತಿದೆ ಅಂತ ಓದೋ ಅಭ್ಯಾಸ ನಂಗೆ ಬಂದಿದ್ದು ಇಲ್ಲೇ.

ಇದಕ್ಕಿಂತ ದೊಡ್ಡ ಲಾಭ ಮೆಂಟರ್‌ಗಳು. ನಿಜವಾದ ಮನುಷ್ಯರು ಬಿಡುವಾದಾಗ ಕೂತು ನಮ್ ಕೋಡ್ ಓದ್ತಾರೆ, ಅದೂ ಒಂದು ರೂಪಾಯಿ ತಗೊಳ್ದೆ! ಒಂದು ವಾಕ್ಯದಲ್ಲಿ ಇಂಗ್ಲಿಷಿನ 26 ಅಕ್ಷರಾನೂ ಇದೆಯಾ ನೋಡೋ ಪ್ಯಾಂಗ್ರಾಮ್‌ಗೆ ನಾನು ಉದ್ದಕ್ಕೆ ಫಾರ್ ಲೂಪ್ ಬರ್ದಿದ್ದೆ, ಸರಿಯಾಗೇ ಓಡ್ತಿತ್ತು, ಮೆಂಟರ್ ಒಬ್ರು ‘ಎವ್ರಿ’ ಮೆಥಡ್ (ಪಟ್ಟಿಯಲ್ಲಿರೋ ಎಲ್ಲವೂ ಒಂದು ಷರತ್ತಿಗೆ ಸರಿಹೊಂದತ್ತಾ ಅಂತ ನೋಡೋದು) ಬಗ್ಗೆ ಓದಿ ನೋಡಿ ಅಂದ್ರು ಅಷ್ಟೇ, ಉತ್ತರ ಹೇಳ್ಕೊಡ್ಲಿಲ್ಲ. ಓದಿ ಮತ್ತೆ ಬರೆದಾಗ ಕೋಡ್ ಎರಡೇ ಸಾಲಾಯ್ತು. ಮಾತುಕತೆ ಇಂಗ್ಲಿಷಲ್ಲಿ, ಆದ್ರೆ ಗ್ರಾಮರ್ ಯಾರೂ ನೋಡಲ್ಲ, ಸಂಕೋಚ ಬೇಡ.

ನಮ್ಮ ಎಪಿಎಂಸಿ ಟೊಮ್ಯಾಟೊ ರೇಟ್ ಬರ್ದಿಟ್ಕೊಳ್ಳೋಕೆ ಅಪ್ಪನಿಗೊಂದು ಪೇಜ್ ಮಾಡ್ಕೊಟ್ಟೆ, 15 ಕೆಜಿ ಬಾಕ್ಸಿನ ರೇಟು. ಎಕ್ಸರ್ಸಿಸಮ್ ಥರಾನೇ ಇಲ್ಲೂ ಮೊದ್ಲು ಟೆಸ್ಟ್ ಬರ್ದೇ ಶುರು ಮಾಡ್ದೆ. ಯಾಕಂದ್ರೆ 90, 150, 1200 ಅನ್ನೋ ಅರೇಗೆ ಬರೀ ಸಾರ್ಟ್ ಅಂದ್ರೆ ಜಾವಾಸ್ಕ್ರಿಪ್ಟ್ ಅದನ್ನ ಅಕ್ಷರದ ಥರ ಹೋಲ್ಸಿ 1200, 150, 90 ಅಂತ ಜೋಡ್ಸತ್ತೆ, ಸಂಖ್ಯೆ ಥರ ಹೋಲಿಸೋಕೆ ‘ಎ ಮೈನಸ್ ಬಿ’ ಫಂಕ್ಷನ್ ನಾವೇ ಕೊಡ್ಬೇಕು.

ಬ್ರೌಸರಲ್ಲೇ ಬರೀಬೋದು, ನಾನಂತೂ ಲ್ಯಾಪ್‌ಟಾಪಿಗೆ ಇಳಿಸ್ಕೋತೀನಿ. ಬ್ರೌಸರ್ ಇಲ್ದೆ ಜಾವಾಸ್ಕ್ರಿಪ್ಟ್ ಓಡಿಸೋ ನೋಡ್.ಜೆಎಸ್ ಸಾಫ್ಟ್‌ವೇರ್ ಹಾಕಿ, ನೆಟ್ ಇದ್ದಾಗ ಬೇಕಾದ ಪ್ಯಾಕೇಜ್ ಇನ್‌ಸ್ಟಾಲ್ ಮಾಡ್ಕೊಂಡ್ರೆ ಬಂಗಾರಪೇಟೆ ರೈಲಲ್ಲಿ ಸಿಗ್ನಲ್ ಇಲ್ದಿದ್ರೂ ಟೆಸ್ಟ್ ಓಡತ್ತೆ.

ಒಂದು ವಿಷ್ಯ ಮಾತ್ರ ತಿಳ್ಕೊಂಡಿರಿ, ಇದು ಭಾಷೆ ಮೇಲೆ ಹಿಡಿತ ತರೋಕೆ ಇರೋದು, ಡಾಮ್ (ಪೇಜಿನ ಭಾಗಗಳನ್ನ ಕೋಡಿಂದ ಬದಲಾಯ್ಸೋದು), ಫೆಚ್ (ನೆಟ್‌ನಿಂದ ಡೇಟಾ ತರೋದು), ಬಟನ್ ಕ್ಲಿಕ್ ಇವಕ್ಕೆಲ್ಲಾ ಎಂಡಿಎನ್ ಅನ್ನೋ ವೆಬ್ ಮಾಹಿತಿ ಸೈಟ್ ಪಕ್ಕದಲ್ಲಿ ತೆರ್ದಿಟ್ಕೊಂಡು ಸ್ವಂತ ಪೇಜ್ ಒಂದು ಕಟ್ಲೇಬೇಕು.