ಪಾರಿವಾಳ ಹಿಡಿದ ಹುಡುಗಿ: ಕೊಪ್ಪಳದ ಕೆತ್ತನೆ ಅಂಗಡಿಯೊಂದರಲ್ಲಿ ಮಾಡಿಸಿದ ಸಮಾಧಿಗಲ್ಲು

ಅಣ್ಣನ ಆರು ವರ್ಷದ ಮಗಳ ಸಮಾಧಿಗೆ ಕಲ್ಲು ಮಾಡಿಸಲು ಕೊಪ್ಪಳದ ಹೊರವಲಯದ ಕೆತ್ತನೆ ಅಂಗಡಿಯೊಂದಕ್ಕೆ ಹೋದಾಗ ನನ್ನ ಕೈಯಲ್ಲಿದ್ದದ್ದು ಒಂದೇ ಚಿತ್ರ: ಗ್ರೀಸಿನ ಪಾರೋಸ್ ದ್ವೀಪದಲ್ಲಿ 1775ರಲ್ಲಿ ದೊರೆತು, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಪೂ. 450–440ರ ಸುಮಾರಿನ ಬಾಲಕಿಯೊಬ್ಬಳ ಸಮಾಧಿಶಿಲೆ. ಸುಮಾರು 80 ಸೆಂ.ಮೀ. ಎತ್ತರದ ಆ ಅಮೃತಶಿಲೆಯಲ್ಲಿ ಹುಡುಗಿ ಎರಡು ಪಾರಿವಾಳಗಳನ್ನು ಹಿಡಿದು, ತಲೆ ಬಾಗಿಸಿ, ಒಂದರ ಕೊಕ್ಕಿಗೆ ತುಟಿ ತಾಗಿಸಿದ್ದಾಳೆ. ನೋಡುವವರ ಕಡೆ ಅವಳ ಗಮನವೇ ಇಲ್ಲ.

ನುಣುಪಾದ ಕರಿಕಲ್ಲಿನ ಮೇಲೆ ಯಂತ್ರದಿಂದ ಫೋಟೊ ಮೂಡಿಸುವುದೇ ಇಂಥ ಅಂಗಡಿಗಳ ರೂಢಿಯಾಗಿದ್ದು, ಇಲ್ಲಿಯೂ ಮೊದಲು ಅದನ್ನೇ ಹೇಳಿದರು. ಅಥೆನ್ಸ್ ಬಳಿಯ ವಾರಿಯಲ್ಲಿ ಸಿಕ್ಕ ಇನ್ನೊಂದು ಶಿಲೆಯನ್ನು ನಾನು ಹಿರಿಯ ಶಿಲ್ಪಿಗೆ ಮೊಬೈಲಿನಲ್ಲಿ ತೋರಿಸಿದೆ. ಅದರಲ್ಲಿ ಮ್ನೆಸಾಗೋರಾ ಎಂಬ ಅಕ್ಕ ಹಕ್ಕಿಯೊಂದನ್ನು ಮುಂದೆ ಚಾಚಿದ್ದರೆ, ಪುಟ್ಟ ತಮ್ಮ ನಿಕೋಖಾರೆಸ್ ಅದಕ್ಕೆ ಕೈ ನೀಡುತ್ತಿದ್ದಾನೆ. ತೀರಿಹೋದ ಆ ಮಕ್ಕಳನ್ನೇ ತೋರಿಸುವುದು ಆಗದ ಮಾತೆಂದು ಅದರ ಬರಹವೇ ಹೇಳುತ್ತದೆ. ಶಿಲ್ಪಿ ಬಹಳ ಹೊತ್ತು ನೋಡಿದರು. ಮತ್ತೆ ಫೋಟೊ ಮಾತು ಎತ್ತಲಿಲ್ಲ.

ಕುಷ್ಟಗಿ ಕಡೆಯ ಕೆಂಪು ಗ್ರಾನೈಟನ್ನು ನಾನು ಆರಿಸಿದ್ದೆ. “ಇದರ ಕಾಳು ದಪ್ಪ, ಇದ್ರಾಗ ಕಣ್ಣಿನ ರೆಪ್ಪಿ ನಿಲ್ಲೂದಿಲ್ರಿ ಅಕ್ಕಾರ,” ಎಂದು ಅವರು ಬಿಡಿಸಿ ಹೇಳಿ, ಕಡಿಮೆ ಬೆಲೆಯ ಕರಿಕಲ್ಲನ್ನೇ ಕೊಡಿಸಿದ್ದನ್ನು ನಾನು ಮರೆಯಲಾರೆ. ಹಿನ್ನೆಲೆಯನ್ನು ಆಳವಾಗಿ ತೆಗೆಯದೆ, ಅಂಚನ್ನು ಮಾತ್ರ ಚೂಪಾಗಿಸಿ ಮೈಯನ್ನು ಮೆಲ್ಲಗೆ ಉಬ್ಬಿಸಿದ ಅವರ ಉಳಿಯ ಕೆಲಸ ನಿಜಕ್ಕೂ ಉತ್ತಮವಾಗಿದೆ. ಸೊಂಟಪಟ್ಟಿಯಿಲ್ಲದ ಗ್ರೀಕ್ ಉಡುಗೆಯ ಬದಲು ನಮ್ಮ ಮಗು ಹಾಕುತ್ತಿದ್ದ ಲಂಗವನ್ನು ಕೆತ್ತಿದರೂ, ನೆರಿಗೆಗಳೊಳಗಿಂದ ಮಡಚಿದ ಮೊಣಕಾಲು ತಿಳಿಯುತ್ತದೆ.

ಕೊರತೆಗಳೂ ಇವೆ. ಒಂದು ತಿಂಗಳ ಕೆಲಸ ಎರಡೂವರೆ ತಿಂಗಳಾಯಿತು. ಅಕ್ಷರ ಕೊರೆದ ಹುಡುಗ ಹೆಸರಿನ ಒಂದು ಒತ್ತನ್ನೇ ಬಿಟ್ಟಿದ್ದರಿಂದ ಆ ಸಾಲನ್ನು ಉಜ್ಜಿ ಮತ್ತೆ ಬರೆಯಬೇಕಾಯಿತು. ಮುಂಗಡ ಕೊಡುವ ಮೊದಲೇ ಹೆಸರನ್ನು ಕಾಗದದ ಮೇಲೆ ಬರೆದುಕೊಟ್ಟು ಸಹಿ ಹಾಕಿಸಿಕೊಳ್ಳುವುದು ಒಳಿತು. ಸಾಗಣೆ ಸೇರಿ 22,000 ರೂಪಾಯಿ ಆಯಿತು. ಕೈಕೆಲಸಕ್ಕೆ ಅದು ಹೆಚ್ಚಲ್ಲ.

ಕಲ್ಲು ಯಾವ ದಿಕ್ಕಿಗೆ ನಿಲ್ಲುತ್ತದೆಂದು ಕೆತ್ತುವ ಮೊದಲೇ ಶಿಲ್ಪಿಗೆ ತಿಳಿಸಬೇಕು, ನಾನು ತಿಳಿಸಿರಲಿಲ್ಲ. ಪೂರ್ವಕ್ಕೆ ಮುಖ ಮಾಡಿರುವ ನಮ್ಮ ಕಲ್ಲಿನ ಮೇಲೆ ಎಳೆಬಿಸಿಲು ನೇರವಾಗಿ ಬಿದ್ದಾಗ ಮುಖ ಮಾಸಿದಂತಾಗುತ್ತದೆ. ಹನ್ನೊಂದರ ಸುಮಾರಿಗೆ ಬಿಸಿಲು ಮೇಲಿನಿಂದ ಓರೆಯಾಗಿ ಇಳಿಯುವಾಗ ಕೊಕ್ಕು, ತುಟಿ ಎರಡೂ ಸ್ಪಷ್ಟವಾಗಿ ಕಾಣುತ್ತವೆ. ಅತ್ತಿಗೆ ಈಗ ಆ ಹೊತ್ತಿಗೇ ಹೋಗುತ್ತಾರೆ.