ವೇಗ ಬೇಕಿರುವುದು ಫೋನಿಗೋ ಟ್ಯಾಬಿಗೋ: ಎರಡು ಜೋಡಿಗಳನ್ನು ವರ್ಷಗಟ್ಟಲೆ ಬಳಸಿದ ಮೇಲೆ

ಫೋನ್ ಮತ್ತು ಟ್ಯಾಬ್ ಎರಡನ್ನೂ ಒಂದೇ ಬಜೆಟ್ಟಿನೊಳಗೆ ಕೊಳ್ಳಬೇಕಾಗಿ ಬಂದವರು ಸಾಮಾನ್ಯವಾಗಿ ಹಣದ ಬಹುಪಾಲನ್ನು ಫೋನಿಗೆ ಹಾಕಿ, ಉಳಿದದ್ದರಲ್ಲಿ ಸಿಗುವ ಟ್ಯಾಬನ್ನು ತಂದುಕೊಳ್ಳುತ್ತಾರೆ. ಸದಾ ಕೈಯಲ್ಲಿರುವುದು ಫೋನೇ ಆದ್ದರಿಂದ ಅದೇ ಚುರುಕಾಗಿರಬೇಕು ಎಂಬ ವಾದ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ನಾನು ಕೆಲವು ವರ್ಷ ಹಾಗೆ ವೇಗದ ಫೋನ್ ಮತ್ತು ಸಾಧಾರಣ ಟ್ಯಾಬ್ ಇಟ್ಟುಕೊಂಡಿದ್ದೆ. ಆಮೇಲಿನ ವರ್ಷಗಳಲ್ಲಿ ಮಧ್ಯಮ ದರ್ಜೆಯ ಫೋನ್ ಮತ್ತು ವೇಗದ ಟ್ಯಾಬ್ ಬಳಸುತ್ತಿದ್ದೇನೆ. ಟ್ಯಾಬಿನಲ್ಲಿ ಓದು, ಬರವಣಿಗೆ, ಟಿಪ್ಪಣಿಯಂಥ ಕೆಲಸ ಮಾಡುವವರಿಗೆ ಎರಡನೆಯ ಜೋಡಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಟ್ಯಾಬನ್ನು ವೀಡಿಯೊ ನೋಡಲಷ್ಟೇ ಬಳಸುವವರ ಲೆಕ್ಕ ಬೇರೆ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲ ಜೋಡಿಯ ಟ್ಯಾಬಿನಲ್ಲಿ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಇಎಂಎಂಸಿ (ಅಗ್ಗದ ಸಾಧನಗಳಲ್ಲಿ ಬಳಸುವ ನಿಧಾನದ ಬಗೆಯ) ಸ್ಟೋರೇಜ್ ಇತ್ತು. ಹೊಸದರಲ್ಲಿ ದೂರುವಂಥದ್ದೇನೂ ಕಾಣಲಿಲ್ಲ. ಅದರ ಮಿತಿ ತಿಳಿದದ್ದು ಸ್ಕ್ಯಾನ್ ಮಾಡಿದ ಪುಸ್ತಕಗಳ ಪಿಡಿಎಫ್ ಓದತೊಡಗಿದಾಗ. ಪುಟ ಸರಿಸಿದರೆ ಮೊದಲು ಬರಿಯ ಬಿಳಿ ಹಾಳೆ, ಆಮೇಲೆ ಮಸುಕು ಮಸುಕಾದ ಅಕ್ಷರಗಳು, ಇನ್ನೇನು ಬೇಸರ ಬರಬೇಕು ಎನ್ನುವಾಗ ಸ್ಪಷ್ಟವಾದ ಪುಟ. ಎರಡು ಪುಟ ಹಿಂದಿನ ಅಡಿಟಿಪ್ಪಣಿಯೊಂದನ್ನು ನೋಡಿ ಬರೋಣವೆಂದರೆ ಅದೇ ಮೆರವಣಿಗೆ ಮತ್ತೆ ಮೊದಲಿನಿಂದ. ಪಕ್ಕದಲ್ಲೇ ನೋಟ್ಸ್ ಆ್ಯಪ್ ತೆರೆದಿಟ್ಟುಕೊಂಡು ಬರೆಯಲು ಹೊರಟರೆ ಕೀಬೋರ್ಡ್ ಬೆರಳಿಗಿಂತ ಎರಡು ಮೂರು ಅಕ್ಷರ ಹಿಂದೆ ಬೀಳುತ್ತಿತ್ತು. ನಡುವೆ ಬ್ರೌಸರಿನಲ್ಲಿ ಏನನ್ನಾದರೂ ಹುಡುಕಿ ಮರಳುವಷ್ಟರಲ್ಲಿ ಪಿಡಿಎಫ್ ಆ್ಯಪ್ ಮುಚ್ಚಿಹೋಗಿದ್ದು, ಮತ್ತೆ ಮೊದಲ ಪುಟದಿಂದ ತೆರೆದುಕೊಳ್ಳುತ್ತಿತ್ತು. ಈ ಒದ್ದಾಟವೆಲ್ಲ ನಡೆಯುವಾಗ ದುಬಾರಿ ಫೋನು ಪಕ್ಕದಲ್ಲಿ ಮಾಡಲು ಕೆಲಸವಿಲ್ಲದೆ ಬಿದ್ದಿರುತ್ತಿತ್ತು.

ಇದಕ್ಕೆ ಪ್ರೊಸೆಸರ್ ಒಂದನ್ನೇ ದೂರುವಂತಿಲ್ಲ. ಸ್ಕ್ಯಾನ್ ಮಾಡಿದ ಪುಟವೆಂದರೆ ಒಂದು ದೊಡ್ಡ ಚಿತ್ರ, ಅದನ್ನು ಬಿಡಿಸಿ ತೆರೆಯ ಮೇಲೆ ಮೂಡಿಸುವುದು ಪ್ರೊಸೆಸರಿನ ಕೆಲಸ ಎನ್ನುವುದು ನಿಜ. ಆದರೆ ರ‍್ಯಾಮ್ ಸಾಲದೆ ಹೋದಾಗ ಆಂಡ್ರಾಯ್ಡ್ ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ತಾನಾಗಿಯೇ ಮುಚ್ಚುತ್ತದೆ. ಮುಚ್ಚಿದ್ದನ್ನು ಮತ್ತೆ ತೆರೆಯುವಾಗ ಎಲ್ಲವನ್ನೂ ಸ್ಟೋರೇಜಿನಿಂದ ಓದಬೇಕಾಗುತ್ತದೆ. ಆ ಸ್ಟೋರೇಜೇ ನಿಧಾನದ್ದಾಗಿದ್ದರೆ ಎಂಥ ಪ್ರೊಸೆಸರ್ ಇದ್ದರೂ ಕಾಯುತ್ತ ಕೂರಬೇಕು. ಇಎಂಎಂಸಿ 5.1 ಮಾನದಂಡದ ಗರಿಷ್ಠ ಮಿತಿಯೇ ಸೆಕೆಂಡಿಗೆ 400 ಎಂಬಿ, ಮೇಲಾಗಿ ಅದು ಓದುವ ಮತ್ತು ಬರೆಯುವ ಕೆಲಸಗಳನ್ನು ಒಟ್ಟಿಗೆ ಮಾಡಲಾರದು. ಮಧ್ಯಮ ದರ್ಜೆಯ ಫೋನುಗಳಲ್ಲಿ ಸಾಮಾನ್ಯವಾಗಿ ಸಿಗುವ ಯುಎಫ್ಎಸ್ 2.2 ಸ್ಟೋರೇಜಿನ ಮಿತಿ ಹೆಚ್ಚುಕಡಿಮೆ ಅದರ ಮೂರು ಪಟ್ಟು, ಓದುವುದೂ ಬರೆಯುವುದೂ ಅದರಲ್ಲಿ ಒಟ್ಟೊಟ್ಟಿಗೆ ನಡೆಯುತ್ತವೆ. ಆ್ಯಪ್ ಒಂದು ಹಿನ್ನೆಲೆಯಲ್ಲಿ ಅಪ್‌ಡೇಟ್ ಆಗುತ್ತಿರುವಾಗ ಅಗ್ಗದ ಟ್ಯಾಬ್ ಇಡಿಯಾಗಿ ತಡವರಿಸುವುದರ ಹಿಂದೆ ಬಹುಮಟ್ಟಿಗೆ ಇದೇ ಕಾರಣವಿರುತ್ತದೆ.

ತೆರೆಯ ಲೆಕ್ಕವೂ ಇದರೊಂದಿಗೆ ಸೇರಿಕೊಳ್ಳುತ್ತದೆ. 2400×1080 ತೆರೆಯ ಫೋನ್ ಸುಮಾರು 26 ಲಕ್ಷ ಪಿಕ್ಸೆಲ್‌ಗಳನ್ನು ತುಂಬಿಸಬೇಕು, 2560×1600 ತೆರೆಯ ಟ್ಯಾಬ್ ಸುಮಾರು 41 ಲಕ್ಷವನ್ನು. ಫೋನಿನಲ್ಲಿ ಒಂದು ಹೊತ್ತಿಗೆ ಒಂದೇ ಆ್ಯಪ್ ಕಣ್ಣೆದುರಿಗೆ ಇರುವುದು ವಾಡಿಕೆಯಾದರೆ, ಟ್ಯಾಬಿನಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟುಕೊಳ್ಳದೆ ಹೋದರೆ ದೊಡ್ಡ ತೆರೆಯಿದ್ದೂ ಪ್ರಯೋಜನವಿಲ್ಲ. ಹೀಗೆ ಹೆಚ್ಚಿನ ಹೊರೆ ಹೊರಬೇಕಾದ ಸಾಧನಕ್ಕೆ ಕಡಿಮೆ ಶಕ್ತಿಯ ಬಿಡಿಭಾಗಗಳನ್ನು ಹಾಕಿ ಮಾರುವುದು ಅಗ್ಗದ ಟ್ಯಾಬುಗಳ ವಿಚಿತ್ರ.

ಈಗಿನ ಜೋಡಿಯಲ್ಲಿ ಟ್ಯಾಬಿಗೆ 8 ಜಿಬಿ ರ‍್ಯಾಮ್ ಮತ್ತು ಯುಎಫ್ಎಸ್ 3.1 ಸ್ಟೋರೇಜ್ ಇದೆ. ಅದೇ ಸ್ಕ್ಯಾನ್ ಪುಸ್ತಕಗಳು ಬೆರಳಿನ ಜೊತೆಜೊತೆಗೇ ಸರಿಯುತ್ತವೆ. ಪೆನ್ನಿನಿಂದ ಅಂಚಿನಲ್ಲಿ ಗೀಚುವುದೂ ಈಗ ಅಭ್ಯಾಸವಾಗಿದೆ. ಪೆನ್ನಿನ ತುದಿಗೂ ಗೆರೆಗೂ ನಡುವೆ ಅಂತರ ಕಂಡರೆ ಕೈಬರಹ ಕೆಡುತ್ತದೆ ಎಂಬುದು ಬರೆದು ನೋಡಿದವರಿಗೆ ಗೊತ್ತು. ಆ್ಯಪಲ್ 2019ರಲ್ಲಿ ಐಪ್ಯಾಡ್ಓಎಸ್ 13 ತಂತ್ರಾಂಶದೊಂದಿಗೆ ತನ್ನ ಪೆನ್ಸಿಲ್ಲಿನ ವಿಳಂಬವನ್ನು 20 ಮಿಲಿಸೆಕೆಂಡಿನಿಂದ 9ಕ್ಕೆ ಇಳಿಸಿದ್ದನ್ನು ಎತ್ತಿ ಹೇಳಿಕೊಂಡದ್ದು ಇದೇ ಕಾರಣಕ್ಕೆ. ಬಿಸಿಯ ವಿಷಯದಲ್ಲೂ ಟ್ಯಾಬಿಗೆ ಅನುಕೂಲವಿದೆ. ಅದರ ಮೈ ಅಗಲವಾದ್ದರಿಂದ ಶಾಖ ಹರಡಿಹೋಗಲು ಜಾಗವಿದೆ. ಫೋನಿನ ಸಣ್ಣ ಕವಚದಲ್ಲಿ ಅದೇ ಬಗೆಯ ಚಿಪ್ ಸ್ವಲ್ಪ ಹೊತ್ತು ಓಡಿ, ಕಾದು, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೆಂಚ್‌ಮಾರ್ಕ್ (ವೇಗ ಪರೀಕ್ಷೆಯ) ಅಂಕಿಗಳನ್ನು ನೋಡಿ ಫೋನ್ ಆರಿಸುವವರು ಈ ಸಂಗತಿಯನ್ನು ಗಮನಿಸುವುದು ಕಡಿಮೆ.

ಫೋನನ್ನು ಮಧ್ಯಮ ದರ್ಜೆಗೆ ಇಳಿಸಿಕೊಂಡದ್ದರಿಂದ ಕಳೆದುಕೊಂಡದ್ದು ಮುಖ್ಯವಾಗಿ ಕ್ಯಾಮೆರಾ. ಇಂದಿನ ಫೋನ್ ಒಂದು ಚಿತ್ರಕ್ಕಾಗಿ ಹಲವು ಫ್ರೇಮುಗಳನ್ನು ತೆಗೆದು ಬೆಸೆಯುತ್ತದೆ. ಆ ಬೆಸುಗೆಗೆ ಬೇಕಾದ ಬಲ ಕಡಿಮೆಯಿದ್ದರೆ ಒಂದು ಚಿತ್ರ ತೆಗೆದು ಇನ್ನೊಂದಕ್ಕೆ ಒತ್ತುವ ನಡುವೆ ತಡೆಯುಂಟಾಗುತ್ತದೆ. ಮಂದ ಬೆಳಕಿನಲ್ಲಿ ಓಡಾಡುವ ಮಗುವಿನ ಚಿತ್ರ ತೆಗೆಯಲು ಹೋದಾಗ ಈ ಕೊರತೆ ಎದ್ದು ಕಾಣುತ್ತದೆ, ಮತ್ತು ಟ್ಯಾಬ್ ಎಷ್ಟೇ ಚುರುಕಾಗಿದ್ದರೂ ಇದನ್ನು ತುಂಬಿಕೊಡಲಾರದು. ಫೋನಿನಲ್ಲೇ ಭಾರಿ ಆಟಗಳನ್ನು ಆಡುವವರೂ, ಚಿತ್ರ ಮತ್ತು ವೀಡಿಯೊ ತೆಗೆಯುವುದೇ ಮುಖ್ಯ ಕೆಲಸವಾಗಿರುವವರೂ ನನ್ನ ಮಾತನ್ನು ಬದಿಗಿಟ್ಟು ಫೋನಿಗೇ ಹಣ ಹಾಕುವುದು ಒಳ್ಳೆಯದು. ಉಳಿದಂತೆ ಕರೆ, ಸಂದೇಶ, ನಕ್ಷೆ, ಪಾವತಿ, ಬ್ಯಾಂಕಿನ ಆ್ಯಪ್ ಇವೆಲ್ಲ ಚಿಕ್ಕ ಚಿಕ್ಕ ಕೆಲಸಗಳು. ಇವುಗಳಲ್ಲಿ ಮಧ್ಯಮ ಫೋನಿಗೂ ದುಬಾರಿ ಫೋನಿಗೂ ಇರುವ ವ್ಯತ್ಯಾಸ ನನ್ನ ಬಳಕೆಯಲ್ಲಿ ಗಮನಕ್ಕೆ ಬರುವಷ್ಟು ಇಲ್ಲ.

ಬಾಳಿಕೆಯ ವಿಚಾರಕ್ಕೆ ಬಂದರೆ ನನ್ನ ತೀರ್ಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಫೋನ್ ದಿನಾ ಚಾರ್ಜಿಗೆ ಕೂರುತ್ತದೆ, ಕೈಜಾರಿ ಬೀಳುತ್ತದೆ, ಬಿಸಿಲಿನಲ್ಲಿ ಕಾಯುತ್ತದೆ. ಆ್ಯಪಲ್ ಕೊಡುವ ವಿವರದಂತೆ ಐಫೋನ್ 14 ಮತ್ತು ಅದಕ್ಕಿಂತ ಹಳೆಯ ಮಾದರಿಗಳ ಬ್ಯಾಟರಿಗಳನ್ನು 500 ಪೂರ್ಣ ಚಾರ್ಜ್ ಚಕ್ರಗಳ ನಂತರ ಮೂಲ ಸಾಮರ್ಥ್ಯದ ಶೇ. 80 ಉಳಿಯುವಂತೆ ರೂಪಿಸಲಾಗಿದೆ. ಐಪ್ಯಾಡಿನ ವಿಷಯದಲ್ಲಿ ಆ ಸಂಖ್ಯೆ 1,000. (ಐಫೋನ್ 15ರಿಂದ ಫೋನಿಗೂ ಅದು 1,000ಕ್ಕೆ ಏರಿದೆ.) ಟ್ಯಾಬನ್ನು ಎರಡು ಮೂರು ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕಾಗುವುದರಿಂದ ಅದರ ಚಕ್ರಗಳು ಕೂಡುವುದೂ ನಿಧಾನ. ಸವೆದ ಬ್ಯಾಟರಿ ವೇಗವನ್ನೂ ತಿನ್ನಬಲ್ಲದು: ಹಳೆಯ ಬ್ಯಾಟರಿಯ ಐಫೋನುಗಳು ಇದ್ದಕ್ಕಿದ್ದಂತೆ ಆಫ್ ಆಗದಿರಲೆಂದು ಅವುಗಳ ಗರಿಷ್ಠ ವೇಗವನ್ನು ತಗ್ಗಿಸುತ್ತಿರುವುದಾಗಿ ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತ್ತು. ಬೇಗ ಸವೆಯುವ ಸಾಧನದಲ್ಲಿ ಹೂಡಿದ ವೇಗಕ್ಕಿಂತ ನಿಧಾನವಾಗಿ ಸವೆಯುವ ಸಾಧನದಲ್ಲಿ ಹೂಡಿದ ವೇಗ ಹೆಚ್ಚು ಕಾಲ ದಕ್ಕುತ್ತದೆ.

ಹಾಗೆಂದು ಅತಿ ದುಬಾರಿ ಟ್ಯಾಬನ್ನೇ ತರಬೇಕಿಲ್ಲ. 2021ರಲ್ಲಿ ಐಪ್ಯಾಡ್ ಪ್ರೊಗೆ ಲ್ಯಾಪ್‌ಟಾಪಿನ ಎಂ1 ಚಿಪ್ಪೇ ಬಂದು ಕೂತಿತು; ಓದು ಬರಹಕ್ಕೆ ಅಷ್ಟು ಶಕ್ತಿ ಇಂದಿಗೂ ಅತಿಯಾಯಿತು. 4 ಜಿಬಿ, ಇಎಂಎಂಸಿ ಮಟ್ಟದಿಂದ 8 ಜಿಬಿ, ಯುಎಫ್ಎಸ್ ಮಟ್ಟಕ್ಕೆ ಏರಿದಾಗ ಆಗುವ ಬದಲಾವಣೆ ದೊಡ್ಡದು, ಅದರ ಮೇಲಿನ ಮೆಟ್ಟಿಲುಗಳಲ್ಲಿ ಆಗುವುದು ಚಿತ್ರ ಬಿಡಿಸುವವರಿಗೆ ಮತ್ತು ವೀಡಿಯೊ ಸಂಕಲಿಸುವವರಿಗೆ ಮಾತ್ರ ಕಾಣುವಂಥದ್ದು. ಇನ್ನು ವೀಡಿಯೊ ನೋಡುವುದಷ್ಟೇ ಉದ್ದೇಶವಾದರೆ, ಆ ಕೆಲಸವನ್ನು ಚಿಪ್ಪಿನೊಳಗಿನ ಪ್ರತ್ಯೇಕ ಡಿಕೋಡರ್ ಭಾಗ ನಿರ್ವಹಿಸುವುದರಿಂದ ಅಗ್ಗದ ಟ್ಯಾಬೂ ಚೆನ್ನಾಗಿಯೇ ನಡೆಯುತ್ತದೆ. ಅಂಥವರು ಉಳಿದ ಹಣವನ್ನು ಧಾರಾಳವಾಗಿ ಫೋನಿಗೆ ಹಾಕಬಹುದು.

ಕೊಳ್ಳುವ ಮುನ್ನ ರ‍್ಯಾಮ್ ಜೊತೆಗೆ ಸ್ಟೋರೇಜಿನ ಬಗೆಯನ್ನೂ ಕೇಳಿ ತಿಳಿಯಬೇಕು. ಪೆಟ್ಟಿಗೆಯ ಮೇಲೆ ಎಷ್ಟು ಜಿಬಿ ಎಂಬುದು ದಪ್ಪಕ್ಷರದಲ್ಲಿರುತ್ತದೆ, ಯಾವ ಬಗೆಯದು ಎಂಬುದು ಅನೇಕ ಸಲ ಇರುವುದೇ ಇಲ್ಲ. ಒಂದೇ ಹೆಸರಿನ ಮಾದರಿಯಲ್ಲಿ 64 ಜಿಬಿ ಆವೃತ್ತಿಗೆ ಇಎಂಎಂಸಿಯನ್ನೂ 128 ಜಿಬಿ ಆವೃತ್ತಿಗೆ ಯುಎಫ್ಎಸ್ ಅನ್ನೂ ಹಾಕಿ ಮಾರಿದ ಉದಾಹರಣೆಗಳಿವೆ. ಅಂಥ ಕಡೆ ದೊಡ್ಡ ಆವೃತ್ತಿಗೆ ಕೊಡುವ ಹೆಚ್ಚುವರಿ ಹಣದಲ್ಲಿ ಜಾಗದ ಜೊತೆ ವೇಗವೂ ಬರುತ್ತದೆ.